ನಮ್ಮೂರ ನಳದ ನೀರು

ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಸಾಹಿತ್ಯವನ್ನೋ ಚರಿತ್ರೆಯನ್ನೋ ಕುರಿತು ನಾಲ್ಕು ಮಾತು ಬರೆಯೋಣವೆಂದುಕೊಂಡಿದ್ದೆ. ಆದರೆ ಲೇಖನಿ ಹಿಡಿದಾಗಲೆಲ್ಲ ಕಣ್ಣ ಮುಂದೆ ಬಂದು ನಿಂತದ್ದು ನಮ್ಮ ಮನೆಯ ಅಂಗಳದ ನಳ. ನಾನು ಕಲಾ ವಿಭಾಗದ ವಿದ್ಯಾರ್ಥಿ. ರಸಾಯನಶಾಸ್ತ್ರದ ಗಂಧವೂ ನನಗಿಲ್ಲ. ಆದರೂ ನೀರು ಕುಡಿಯುವವರೆಲ್ಲರಿಗೂ ನೀರಿನ ವಿಚಾರವಾಗಿ ಮಾತನಾಡುವ ಅಧಿಕಾರವಿದೆಯೆಂದು ನಂಬಿ ಈ ಸಾಹಸಕ್ಕೆ ಕೈ ಹಾಕಿದ್ದೇನೆ. ತಪ್ಪಿದ್ದಲ್ಲಿ ಗುರುಜನರು ತಿದ್ದಬೇಕು.

ನನ್ನ ಊರು ಅಂಕೋಲಾ ತಾಲೂಕಿನ ಬೆಳಂಬಾರ. ಬೆಳಂಬಾರವೆಂದೊಡನೆ ಹೊರಗಿನವರಿಗೆ ನೆನಪಾಗುವುದು ಪಾರ್ಶ್ವವಾಯುವಿಗೆ ಕೊಡುವ ನಾಟಿ ಔಷಧ. ಎಲ್ಲೆಲ್ಲಿಂದಲೋ ರೋಗಿಗಳನ್ನು ಕರೆದುಕೊಂಡು ಜನ ನಮ್ಮೂರಿಗೆ ಬರುತ್ತಾರೆ. ಪರರ ರೋಗಕ್ಕೆ ಮದ್ದು ಕೊಡುವ ಊರಿನವರಾದ ನಾವು, ನಮ್ಮ ಕೊಡದೊಳಗಿನ ನೀರು ಎಂತಹುದೆಂದು ಒಮ್ಮೆಯಾದರೂ ಕೇಳಿದ್ದೇವೆಯೇ? ಈ ಪ್ರಶ್ನೆ ನನಗೂ ತಾನಾಗಿ ಹೊಳೆದದ್ದಲ್ಲ. ಮನೆಗೆ ಬಂದ ಒಂದು ಕಷ್ಟ ಇದನ್ನು ಕಲಿಸಿತು.

ನಮ್ಮ ಮನೆಗೆ ನಳ ಬಂದ ಮೇಲೆ ಮನೆಯಲ್ಲಿ ಎರಡು ಪಕ್ಷಗಳಾದವು. ಅಜ್ಜಿಯದು ಬಾವಿಯ ಪಕ್ಷ. "ಈ ನೀರಿಗೆ ಮದ್ದಿನ ವಾಸನೆ ಬತ್ತದೆ ಮಗಾ, ಬಾವಿ ನೀರೇ ಚಲೋ" ಎಂಬುದು ಅವಳ ತೀರ್ಮಾನ. ನಳದ ನೀರು ಪಾತ್ರೆ ತೊಳೆಯಲು, ಬಾವಿಯ ನೀರು ಕುಡಿಯಲು. ತಂಗಿಯದು ನಳದ ಪಕ್ಷ. ಹಗ್ಗ ಎಳೆದು ಅಂಗೈ ಕೆಂಪಾಗಿಸಿಕೊಂಡಿದ್ದ ಆ ಹುಡುಗಿಗೆ ನಳವೆಂದರೆ ಬಿಡುಗಡೆ. ಹೋದ ಮಳೆಗಾಲದಲ್ಲಿ ಆ ತಂಗಿಯ ಕಣ್ಣು ಹಳದಿಗೆ ತಿರುಗಿತು. ಕಾಮಾಲೆಯೆಂದು ವೈದ್ಯರು ಹೇಳಿದರು. ಒಂದೂವರೆ ತಿಂಗಳು ಅವಳು ಶಾಲೆಯ ಮುಖ ನೋಡಲಿಲ್ಲ. ಅಜ್ಜಿ ನಳವನ್ನು ಬೈದಳು. ತಂಗಿ ಮಲಗಿದಲ್ಲಿಂದಲೇ ಬಾವಿಯನ್ನು ಬೈದಳು. ವೈದ್ಯರು ಕೇಳಿದ್ದು ಒಂದೇ ಮಾತು: "ನೀರನ್ನು ಪರೀಕ್ಷೆ ಮಾಡಿಸಿದ್ದೀರಾ?"

ನಾವು ಮಾಡಿಸಿರಲಿಲ್ಲ. ಆಗ ಮಾಡಿಸಿದ್ದರೂ ಪ್ರಯೋಜನ ಅಷ್ಟಕ್ಕಷ್ಟೆ. ಏಕೆಂದರೆ ನೀರಿನಿಂದ ಹರಡುವ ಕಾಮಾಲೆಯ ಸೋಂಕು ದೇಹವನ್ನು ಹೊಕ್ಕ 2ರಿಂದ 7 ವಾರಗಳ ಅನಂತರವಷ್ಟೇ ರೋಗವಾಗಿ ತೋರುತ್ತದೆ. ಅವಳಿಗೆ ಕೇಡು ತಂದ ನೀರು ಅಷ್ಟು ಹೊತ್ತಿಗೆ ಎಂದೋ ಖರ್ಚಾಗಿ ಹೋಗಿತ್ತು. ದೋಷ ನಳದ್ದೋ, ಬಾವಿಯದೋ, ವರ್ಷಗಟ್ಟಲೆ ತೊಳೆಯದಿದ್ದ ನಮ್ಮ ಮನೆಯ ಟಾಕಿಯದೋ ಎಂಬುದು ಇಂದಿಗೂ ಬಗೆಹರಿದಿಲ್ಲ. ಬಾಯಾರಿದಾಗ ಬಾವಿ ತೋಡಿದರು ಎಂಬ ಗಾದೆಯನ್ನು ಎಷ್ಟೋ ಪ್ರಬಂಧಗಳಲ್ಲಿ ಬರೆದಿದ್ದೆ. ಅದರ ಅರ್ಥ ನನಗಾದದ್ದು ಅಂದು. ನೀರಿನ ಪರೀಕ್ಷೆ ರೋಗ ಬಂದ ಮೇಲೆ ಮಾಡುವ ಕಾರ್ಯವಲ್ಲ. ಎಲ್ಲರೂ ಸುಖವಾಗಿರುವಾಗಲೇ ಮತ್ತೆ ಮತ್ತೆ ಮಾಡಬೇಕಾದ ಕಾರ್ಯ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ.

ಹಾಗಾದರೆ ಅಜ್ಜಿಯ ಬಾವಿ ಶುದ್ಧವೇ? ತಿಳಿಯಾಗಿದೆ, ತಂಪಾಗಿದೆ, ರುಚಿಯಾಗಿದೆ ಎಂಬುದೇ ಶುದ್ಧತೆಗೆ ಸಾಕ್ಷಿಯಾಗದು. 1854ರಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿತು. ಸಾವುಗಳೆಲ್ಲ ಒಂದು ಪಂಪಿನ ಸುತ್ತಲೇ ಆಗುತ್ತಿರುವುದನ್ನು ಜಾನ್ ಸ್ನೋ ಎಂಬ ವೈದ್ಯನು ಎತ್ತಿ ತೋರಿಸಿದನು. ಆ ಪಂಪಿನ ನೀರನ್ನು ಜನರು ಮೆಚ್ಚಿ ಕುಡಿಯುತ್ತಿದ್ದರು. ರೋಗಾಣುವಿಗೆ ಬಣ್ಣವಿಲ್ಲ, ರುಚಿಯಿಲ್ಲ. ನಮ್ಮ ಕರಾವಳಿಯಲ್ಲಿ ಮನೆಗೊಂದು ಬಾವಿ, ಈಗ ಮನೆಗೊಂದು ಶೌಚಾಲಯ. ಹಿತ್ತಲು ಮಾತ್ರ ಅಷ್ಟೇ ಕಿರಿದು. ಮರಳು ನೆಲದಲ್ಲಿಯೂ ಬಿರುಕುಳ್ಳ ಚಿರೆಕಲ್ಲಿನಲ್ಲಿಯೂ ಗುಂಡಿಯ ನೀರು ಬಾವಿಯತ್ತ ಬೇಗನೆ ಸಾಗುತ್ತದೆ; ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಇನ್ನೂ ಬೇಗನೆ. ಎರಡರ ನಡುವೆ ಕನಿಷ್ಠ 10 ಮೀಟರ್ ಅಂತರವಾದರೂ ಇರಲೆಂದು ತಿಳಿದವರು ಹೇಳುತ್ತಾರೆ. ಹೆಚ್ಚಿದ್ದಷ್ಟೂ ಲೇಸು. ನಮ್ಮ ಹಿತ್ತಲಲ್ಲಿ ಹೆಜ್ಜೆ ಹಾಕಿ ಅಳೆದು ನೋಡಿದೆ. ಲೆಕ್ಕವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಬೇಸಗೆಯಲ್ಲಿ ಬಾವಿಯ ಕಷ್ಟ ಬೇರೆ ಬಗೆಯದು. ಸಮುದ್ರದ ಮಗ್ಗುಲಿನಲ್ಲಿ ನೆಲದೊಳಗಿನ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರದ ಮಟ್ಟಕ್ಕಿಂತ 1 ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ಇರುತ್ತದೆಂದು ಭೂಜಲ ಶಾಸ್ತ್ರದ ಒಂದು ನಿಯಮ ಹೇಳುತ್ತದೆ. ಪಂಪು ಹಚ್ಚಿ ಆ 1 ಅಡಿಯನ್ನು ಕಳೆದುಕೊಂಡರೆ ಕೆಳಗಿನಿಂದ ಉಪ್ಪುನೀರು ಮೇಲೇರಿ ಬರುತ್ತದೆ. 1930ರಲ್ಲಿ ನಮ್ಮ ಅಂಕೋಲೆಯ ಜನ ಉಪ್ಪಿಗಾಗಿ ಸತ್ಯಾಗ್ರಹ ಹೂಡಿದರು. ಕರ್ನಾಟಕದ ಬಾರ್ಡೋಲಿಯೆಂದು ಹೆಸರು ಪಡೆದ ತಾಲೂಕು ಇದು. ಅಂದು ಹೋರಾಡಿ ಪಡೆಯಬೇಕಾಗಿದ್ದ ಉಪ್ಪು ಇಂದು ಕರೆಯದೆಯೇ ಬಾವಿಗೆ ಬರುತ್ತಿದೆ! ಕುದಿಸಿದರೆ ರೋಗಾಣು ಸಾಯುತ್ತದೆ; ಉಪ್ಪು ಹೋಗುವುದಿಲ್ಲ, ನೀರು ಆರಿದಷ್ಟೂ ಅದು ಗಾಢವಾಗುತ್ತದೆ.

ಆದುದರಿಂದ ನಳ ಬೇಕು, ಸಂದೇಹವಿಲ್ಲ. 2019ರ ಆಗಸ್ಟ್ 15ರಂದು ಜಲಜೀವನ ಯೋಜನೆ ಘೋಷಿತವಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ಆರಕ್ಕೆ ಒಂದರಷ್ಟು ಮನೆಗಳಲ್ಲಿ ಮಾತ್ರ ನಳವಿತ್ತು. ನಮ್ಮ ರಾಜ್ಯದಲ್ಲಿ ಅದನ್ನು ಮನೆ ಮನೆಗೆ ಗಂಗೆ ಎಂದು ಕರೆದರು. ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಅದರ ಸಂಕಲ್ಪ. ಹೆಂಗಸರ ಸೊಂಟದ ಮೇಲಿನ ಕೊಡವನ್ನು ಇಳಿಸಿದ ಈ ಕಾರ್ಯವನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಗಂಗೆ ಮನೆಗೆ ಬಂದಳೆಂದ ಮಾತ್ರಕ್ಕೆ ಅವಳು ನಿರ್ಮಲಳಾಗಿಯೇ ಬಂದಳೆಂದು ತಿಳಿಯಬಾರದು.

ನಳದ ನೀರು ಕೆಡುವ ಬಗೆಯನ್ನು ಸ್ವಲ್ಪ ವಿಚಾರಿಸೋಣ. ದಿನವೆಲ್ಲ ನೀರು ತುಂಬಿರುವ ಕೊಳವೆಯೊಳಗೆ ಒತ್ತಡವಿರುತ್ತದೆ. ಸಣ್ಣ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆಯೇ ಹೊರತು ಹೊರಗಿನದು ಒಳಗೆ ಬಾರದು. ತಾಸು ಹೊತ್ತು ನೀರು ಬಿಟ್ಟು ನಿಲ್ಲಿಸುವ ಕಡೆ ಹಾಗಲ್ಲ. ನೀರು ನಿಂತೊಡನೆ ಒತ್ತಡ ಇಳಿಯುತ್ತದೆ. ಕೊಳವೆ ಗಟಾರದ ಮಗ್ಗುಲಲ್ಲಿ ಹಾದಿದ್ದರೆ ಅದೇ ಬಿರುಕಿನಿಂದ ಹೊಲಸು ಒಳಗೆ ಸೇರುತ್ತದೆ. ನಳಕ್ಕೇ ಪಂಪು ಹಚ್ಚಿ ಎಳೆಯುವ ಮಹನೀಯರು ಈ ಕೇಡನ್ನು ಇಮ್ಮಡಿಸುತ್ತಾರೆ. ತಾವು ಎಳೆದುಕೊಂಡದ್ದು ನೆರೆಯವರ ಪಾಲಿನ ನೀರನ್ನು ಮಾತ್ರವಲ್ಲ, ಗಟಾರದ ನೀರನ್ನೂ ಆಗಿರಬಹುದೆಂದು ಅವರು ಅರಿಯರು. ಇದು ಬರಿಯ ಊಹೆಯ ಭಯವಲ್ಲ. 2022ರಲ್ಲಿ ರಾಯಚೂರು ನಗರದಲ್ಲಿಯೂ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಕಲುಷಿತ ನೀರಿನ ಪ್ರಕರಣಗಳಲ್ಲಿ ಎಷ್ಟೋ ಜನ ಆಸ್ಪತ್ರೆ ಸೇರಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅವರ ಮನೆಗಳಿಗೂ ನಳವಿತ್ತು.

ಇನ್ನು ಅಜ್ಜಿ ದೂರುವ ಆ "ಮದ್ದಿನ ವಾಸನೆ". ಅದು ಕ್ಲೋರಿನ್ನಿನದು. 1908ರಲ್ಲಿ ಅಮೆರಿಕದ ಜರ್ಸಿ ನಗರದಲ್ಲಿ ಕುಡಿಯುವ ನೀರಿಗೆ ಇದನ್ನು ನಿತ್ಯವೂ ಬೆರೆಸತೊಡಗಿದರು. ಅಂದಿನಿಂದ ವಿಷಮಜ್ವರ, ಕಾಲರಾಗಳನ್ನು ಇದು ತಡೆದಷ್ಟು ಬೇರಾವ ಮದ್ದೂ ತಡೆದಿರಲಾರದು. ಭಾರತೀಯ ಮಾನಕದ ಪ್ರಕಾರ, ಕ್ಲೋರಿನ್ ಬೆರೆಸಿದ ನೀರು ಮನೆಯ ನಳವನ್ನು ತಲುಪಿದಾಗಲೂ ಲೀಟರಿಗೆ 0.2 ಮಿಲಿಗ್ರಾಮ್ ಕ್ಲೋರಿನ್ ಅದರಲ್ಲಿ ಉಳಿದಿರಬೇಕು. ದಾರಿಯಲ್ಲಿ ಹೊಲಸು ಸೇರಿದರೆ ಅದನ್ನು ಎದುರಿಸುವ ಕಾವಲುಗಾರ ಅದು. ಆದ್ದರಿಂದ ನಸುವಾದ ಆ ವಾಸನೆ ಬಂದ ದಿನ ಅಂಜಬೇಕಾಗಿಲ್ಲ. ದಿನವೂ ಬರುತ್ತಿದ್ದದ್ದು ಬಾರದ ದಿನ ವಿಚಾರಿಸಬೇಕು. ಇದನ್ನು ಅಜ್ಜಿಗೆ ವಿವರಿಸಿದೆ. "ಆಯ್ತು ಮಾರಾಯ, ಆದ್ರೆ ಚಾ ಮಾತ್ರ ಬಾವಿ ನೀರಿಂದೇ" ಎಂದಳು. ಚಹದ ನೀರು ಹೇಗೂ ಕುದಿಯುತ್ತದೆಂದು ನಾನೂ ರಾಜಿಯಾದೆ.

ಪರೀಕ್ಷೆಯೆಂದರೆ ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಊರಲ್ಲೇ ನೀರು ನೋಡುವ ಕಿಟ್ಟುಗಳಿವೆ. ಪ್ರತಿ ಗ್ರಾಮದಲ್ಲಿ 5 ಮಂದಿ ಹೆಂಗಸರಿಗೆ ಇದರ ತರಬೇತಿ ಕೊಡಬೇಕೆಂದು ಜಲಜೀವನ ಯೋಜನೆಯಲ್ಲಿಯೇ ಹೇಳಿದೆ. ಒಂದು ಸಣ್ಣ ಸೀಸೆಯಲ್ಲಿ ನೀರು ತುಂಬಿ ಬೆಚ್ಚಗಿನ ಸ್ಥಳದಲ್ಲಿಟ್ಟರೆ, ಮಲದಿಂದ ಕೆಟ್ಟ ನೀರಾದಲ್ಲಿ ಅದು 1-2 ದಿನಗಳಲ್ಲಿ ಕಪ್ಪಾಗುತ್ತದೆ. ಓದು ಬಾರದವರಿಗೂ ಕಪ್ಪು ಬಣ್ಣ ತಿಳಿಯುತ್ತದೆಯಲ್ಲವೇ? ಕೊರತೆಯಿರುವುದು ಸೀಸೆಯದಲ್ಲ, ಕೇಳುವ ಬಾಯಿಯದು. ಗ್ರಾಮಸಭೆಯಲ್ಲಿ ನಾವು ದಾರಿದೀಪ ಕೇಳುತ್ತೇವೆ, ರಸ್ತೆ ಕೇಳುತ್ತೇವೆ, ನೀರು ಬರಲಿಲ್ಲವೆಂದು ಗಲಾಟೆ ಮಾಡುತ್ತೇವೆ. ಬಂದ ನೀರು ಎಂತಹುದೆಂದು ಕೇಳುವವರಿಲ್ಲ. ಹರಿಯುವ ನೀರಿಗೆ ದೊಣೆನಾಯಕನ ಅಪ್ಪಣೆಯೇ ಎಂದು ಹಿರಿಯರು ಹೇಳಿದ್ದುಂಟು. ಆದರೆ ಕೊಳವೆಯಲ್ಲಿ ಹರಿಯುವ ನೀರಿಗೆ ಒಬ್ಬ ನಾಯಕನಿದ್ದಾನೆ, ಒಂದು ಲೆಕ್ಕವಿದೆ. ಆ ಲೆಕ್ಕವನ್ನು ಕೇಳುವುದು ನಮ್ಮ ಹಕ್ಕು. ಶುದ್ಧವಾದ ನೀರು ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಹೇಳಿದೆ.

ಗೆಳೆಯರೇ, ನಾವೆಲ್ಲರೂ ಬೇರೆ ಬೇರೆ ಹಳ್ಳಿಗಳಿಂದ ಈ ಕಾಲೇಜಿಗೆ ಬರುವವರು. ರಜೆಯಲ್ಲಿ ಊರಿಗೆ ಹೋದಾಗ ಮೂರು ಕೆಲಸ ಮಾಡೋಣ. ಮನೆಯ ಟಾಕಿಯನ್ನು ನಮ್ಮ ಕೈಯಾರೆ ತೊಳೆಯೋಣ. ಬಾವಿಗೂ ಗುಂಡಿಗೂ ಎಷ್ಟು ದೂರವೆಂದು ಅಳೆಯೋಣ. ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು, ಕಳೆದ ಬಾರಿ ನೀರನ್ನು ಪರೀಕ್ಷಿಸಿದ್ದು ಯಾವಾಗ, ಫಲಿತಾಂಶವೇನು, ಅದನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಏಕೆ ಹಚ್ಚಬಾರದು ಎಂದು ವಿನಯದಿಂದ ಕೇಳೋಣ. ಪದವಿ ಪಡೆದವರು ಇಷ್ಟನ್ನೂ ಕೇಳದಿದ್ದರೆ ನಮ್ಮ ಓದಿನಿಂದ ಊರಿಗಾದ ಲಾಭವೇನು?

ತಂಗಿ ಈಗ ಗುಣವಾಗಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ. ಕುದಿಸಿ ಆರಿಸಿದ ನೀರಿನ ಸೀಸೆಯನ್ನು ತಾನೇ ತುಂಬಿಕೊಂಡು ಹೊರಡುತ್ತಾಳೆ. ಮೊನ್ನೆ ನಾನು ನಳಕ್ಕೆ ಬಾಯೊಡ್ಡಿ ಕುಡಿಯಲು ಹೋದಾಗ, "ಅಣ್ಣಾ, ಪರೀಕ್ಷೆ ಆಗಿದೆಯೇ?" ಎಂದು ಕೇಳಿದಳು. ಕಾಲೇಜಿನ ಪರೀಕ್ಷೆಯೆಂದು ತಿಳಿದು ನಾನು ತಬ್ಬಿಬ್ಬಾದೆ. ಅವಳು ಕೇಳಿದ್ದು ನೀರಿನ ಪರೀಕ್ಷೆಯನ್ನು. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.