ಕಿವಿಮೊರೆತಕ್ಕೆ ಕಾಂತ ಚಿಕಿತ್ಸೆ

ಬಿಡದೆ ಗುಂಯ್‌ಗುಡುವ ಕಿವಿಮೊರೆತಕ್ಕೆ ತಲೆಯ ಹೊರಗಿನಿಂದ ಕಾಂತೀಯ ಮಿಡಿತ ಕೊಟ್ಟು ಮಿದುಳನ್ನು ತಣಿಸುವ ಚಿಕಿತ್ಸೆಯ ಬಗ್ಗೆ ದೊಡ್ಡ ಆಸೆ ಹುಟ್ಟಿಸಿದ್ದು 2015ರಲ್ಲಿ ಪ್ರಕಟವಾದ ಅಮೆರಿಕದ ಪೋರ್ಟ್‌ಲ್ಯಾಂಡ್ ಪ್ರಯೋಗ. ಹತ್ತು ದಿನ ನಿಜ ಚಿಕಿತ್ಸೆ ಪಡೆದ 32 ಮಂದಿಯಲ್ಲಿ 18 ಜನರ ಬಾಧೆ ಇಳಿಯಿತು. ಹುಸಿ ಚಿಕಿತ್ಸೆಯ 32 ಮಂದಿಯಲ್ಲಿ 7 ಜನರದು. ಪರಿಣಾಮ 26 ವಾರದವರೆಗೂ ಉಳಿಯಿತೆಂದು ವರದಿಯಾಯಿತು. ಆದರೆ ಇಳಿದದ್ದು ಬಾಧೆ, ನಿಂತದ್ದು ಸದ್ದಲ್ಲ. 2017ರಲ್ಲಿ ಹೊರಬಂದ, ಇದಕ್ಕಿಂತ ದೊಡ್ಡದಾದ ಜರ್ಮನಿಯ ಬಹುಕೇಂದ್ರ ಪ್ರಯೋಗದಲ್ಲಿ ನಿಜಕ್ಕೂ ಹುಸಿಗೂ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಆರು ತಿಂಗಳ ಫಲಿತಾಂಶ ಹಿಡಿದು ‘ಶಾಶ್ವತ ಪರಿಹಾರ’ ಎಂದು ಜಾಹೀರಾತು ಕೊಡುವವರನ್ನು ರೋಗಿಗಳು ಕೇಳಬೇಕು: ಎರಡು ವರ್ಷದ ನಂತರದ ಲೆಕ್ಕ ಎಲ್ಲಿದೆ?