ಕಾವೇರಿಯ ಪಾಠದಲ್ಲಿ ಬಿಟ್ಟುಹೋದವರು

ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ, ಸುಮಾರು 800 ಕಿಲೋಮೀಟರ್ ಹರಿದು, ಬಂಗಾಳ ಕೊಲ್ಲಿ ಸೇರುತ್ತಾಳೆ. ಹೇಮಾವತಿ, ಕಬಿನಿ, ಶಿಂಷಾ, ಅರ್ಕಾವತಿ ಉಪನದಿಗಳು. ನಾವೆಲ್ಲ ಬಾಯಿಪಾಠ ಮಾಡಿ ಮಾರ್ಕು ತಗೊಂಡವರೇ. ಆದರೆ ಆ ನೀರಿನ ಹಿಂದೆ ಯಾರ ಬೆವರಿದೆ ಅನ್ನೋ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದರು. ಅದು ಮೊದಲು ಹೋದದ್ದು ಪಕ್ಕದ ಹಳ್ಳಿಗಲ್ಲ. ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ, ಬ್ರಿಟಿಷ್ ಕಂಪನಿಗಳ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದೇ 1905ರಲ್ಲಿ. ಗಣಿಯ ಆಳಕ್ಕೆ ಇಳಿದವರಲ್ಲಿ ಹೆಚ್ಚಿನವರು ಯಾರು? ತಮಿಳು ಜಿಲ್ಲೆಗಳಿಂದ ಬಂದ ನಮ್ಮ ದಲಿತರು. ಲಾಭ ಲಂಡನ್ನಿಗೆ ಹೋಯಿತು, ಕಲ್ಲಿನ ಧೂಳು ನಮ್ಮವರ ಎದೆಯಲ್ಲಿ ಕೂತಿತು. 2001ರಲ್ಲಿ ಗಣಿ ಮುಚ್ಚಿದರು.

1974ರಿಂದ ಬೆಂಗಳೂರು ಕಾವೇರಿ ನೀರು ಕುಡೀತಿದೆ. ಬಳಸಿದ ನೀರು ಕೊಳೆಯಾಗಿ ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಬೀಳುತ್ತೆ. ನಡುವೆ ಕಟ್ಟಿಕೊಂಡ ಮ್ಯಾನ್‌ಹೋಲಿಗೆ ಇಳಿಯೋರು ಯಾರು? 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಆಮೇಲೂ ಒಳಗೇ ಉಸಿರುಕಟ್ಟಿ ಸತ್ತವರು ಯಾರ ಮಕ್ಕಳು?

ಕಾವೇರಿ ತಾಯಿ ಅಂತ ಆರತಿ ಎತ್ತೋರೇ, ಆಕೆಯ ಕೊಳೆ ಎತ್ತೋರನ್ನ ಮುಟ್ಟಿಸ್ಕೊಳ್ಳಲ್ಲ ಅಂದ್ರೆ ಅದೆಂಥ ಭಕ್ತಿ?

ಹಾಸ್ಟೆಲಿನ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಅಜ್ಜ ಅಜ್ಜಿಯರ ಹತ್ತಿರ ಕೂತು ಕೇಳಿ: ಯಾವ ನಾಲೆ ತೋಡಿದ್ರಿ? ಯಾವ ದಡದಲ್ಲಿ ನೀರು ಮುಟ್ಟೋಕೆ ಬಿಡಲಿಲ್ಲ? ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮ ಭೂಗೋಳ ನಾವೇ ಬರೆಯೋಣ.