ಏಣಿ ಮುಗಿದ ಮೇಲೆ

ಒಂದೇ ಕೋಣೆಯಲ್ಲಿ ಕುಳಿತ ಮಕ್ಕಳೆಲ್ಲರೂ ಒಂದೇ ದಿನ ಒಂದೇ ಪಾಠವನ್ನು ಮುಗಿಸತಕ್ಕದ್ದೆಂಬುದು ನಮ್ಮ ಶಾಲೆಗಳ ಬಹುಕಾಲದ ನಂಬಿಕೆ. ಕನ್ನಡ ನಾಡಿನಲ್ಲಿ ಅದನ್ನು ಅಲುಗಿಸಿದ್ದು ‘ನಲಿ-ಕಲಿ’. ಆಂಧ್ರದ ಋಷಿವ್ಯಾಲಿಯ ಪದ್ಧತಿಯನ್ನು ಕಂಡು ಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ, ಯುನಿಸೆಫ್ ನೆರವಿನೊಡನೆ, ಇದಕ್ಕೆ ಕೈಹಾಕಿದರು. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿ ನಮ್ಮ ಧಾರವಾಡ ಸೀಮೆಗೂ ಬಂದಿತು.

ಈ ಪದ್ಧತಿಯಲ್ಲಿ ಪಾಠವು ಮೈಲಿಗಲ್ಲುಗಳಾಗಿ, ಮೈಲಿಗಲ್ಲು ಕಾರ್ಡುಗಳಾಗಿ ಒಡೆಯುತ್ತದೆ. ಗೋಡೆಯ ಮೇಲಿನ ಕಲಿಕೆಯ ಏಣಿಯನ್ನು ನೋಡಿ ಮಗು ತನ್ನ ಕಾರ್ಡನ್ನು ತಾನೇ ಆಯ್ದು ತನ್ನ ಗುಂಪಿನಲ್ಲಿ ಕೂಡುತ್ತದೆ. ಒಂದು ಗುಂಪಿಗೆ ಗುರುವಿನ ಪೂರ್ಣ ನೆರವು, ಇನ್ನೊಂದಕ್ಕೆ ಅರೆ ನೆರವು. ಕೆಲವರಿಗೆ ಜೊತೆಗಾರರೇ ಗುರುಗಳು. ಉಳಿದವರದು ಸ್ವಂತ ಕಲಿಕೆ. ಸುಗ್ಗಿಯಲ್ಲಿ ತಾಯಿಯೊಡನೆ ಹೊಲಕ್ಕೆ ಹೋಗಿ ಎಂಟು ದಿನ ಶಾಲೆ ತಪ್ಪಿಸಿದ ಕೂಸು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಈ ಪದ್ಧತಿಯ ನಿಜವಾದ ಹಿರಿಮೆ ಇದೇ ಎಂದು ನನ್ನ ಎಣಿಕೆ. ಹಗ್ಗದ ಚಪ್ಪರಕ್ಕೆ ತೂಗುಬಿಟ್ಟ ಚಿತ್ರಗಳಲ್ಲ.

“ಅಲ್ಲಿ ಬರೇ ಆಟಾ ಆಡಸ್ತಾರ್ರೀ” ಎಂಬ ಪಾಲಕರ ದೂರು ಇಲ್ಲದಿಲ್ಲ. ಮೂರು ತರಗತಿಗಳನ್ನು ಒಬ್ಬರೇ ನೋಡಬೇಕಾದ ಗುರುಗಳಿಗೆ ದಾಖಲೆಯ ಹೊರೆಯೂ ಉಂಟು. ಇರಲಿ. ನನ್ನನ್ನು ಕಾಡುವುದು ಬೇರೊಂದು. ಮೂರನೆಯ ತರಗತಿಗೆ ಈ ಏಣಿ ಮುಗಿಯಿತು. ನಾಲ್ಕನೆಯದರಲ್ಲಿ ಮತ್ತೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ವೇಗ. ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ ಆಡುವ ಹುಬ್ಬಳ್ಳಿಯ ಮಕ್ಕಳು ಹಿಂದುಳಿಯತೊಡಗುವುದು ಅಲ್ಲಿ. ಅವರಲ್ಲಿ ಕೆಲವರು ನನ್ನ ಬಿ.ಎ. ತರಗತಿಯ ಕೊನೆಯ ಬೆಂಚಿಗೆ ಬಂದು ಕೂಡುತ್ತಾರೆ. ಹಳಗನ್ನಡದ ಪದ್ಯವನ್ನು ನಾವು ಎಲ್ಲರಿಗೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ.